ಬಚ್ಚಲು ಮನೆಯವರದು, ಕೈ ಇನ್ನೊಬ್ಬರದು!

ಬೆಳಗಿನ ಏಳೂವರೆ ಗಂಟೆ. ಮಾನ್ವಿಯ ಬಸ್ಸು ಹಿಡಿಯಬೇಕಾದ ಮೇಷ್ಟ್ರೊಬ್ಬರು ರಾಯಚೂರಿನ ತಮ್ಮ ಮನೆಯ ಬಚ್ಚಲಲ್ಲಿ, ಕಣಕಾಲು ಮುಳುಗುವಷ್ಟು ಸೋಪಿನ ನೀರಿನಲ್ಲಿ ನಿಂತು ಮೈ ಒರೆಸಿಕೊಳ್ಳುತ್ತಿದ್ದಾರೆ. ನೀರು ಹೋಗುವ ಲಕ್ಷಣವಿಲ್ಲ. "ಬಚ್ಚಲ ಕಟ್ಟ್ಯಾದ ಅಂತ ಮೂರು ದಿನದಿಂದ ಹೇಳಾಕತ್ತೀನಿ, ಕಿವಿ ಮ್ಯಾಲೆ ಹಾಕ್ಕೊಳ್ಳವಲ್ರಿ" ಎಂದು ಅಡಿಗೆಮನೆಯಿಂದ ದನಿ. "ಯಾರನ್ನರ ಕರಸಿದ್ರಾತು ತಗೋ" ಎಂದು ಮೇಷ್ಟ್ರ ಜವಾಬು. ಇದು ಒಂದು ಮನೆಯ ಕಥೆಯಲ್ಲ. ಸ್ಟೇಷನ್ ರಸ್ತೆಯಿಂದ ಹಿಡಿದು ಕೋಟೆಯ ಮಗ್ಗುಲ ಓಣಿಗಳ ತನಕ, ದೇವದುರ್ಗದ ಹಳೇ ಮನೆಗಳಿಂದ ಮಾನ್ವಿಯ ಹೊಸ ಬಡಾವಣೆಗಳ ತನಕ ಇದೇ ಸಂಭಾಷಣೆ ದಿನವೂ ನಡೆದಿದೆ.

ಈ "ಯಾರನ್ನರ" ಎಂಬ ಮಾತನ್ನು ಸ್ವಲ್ಪ ತಡೆದು ನಿಲ್ಲಿಸಿ ನೋಡಬೇಕು. ಫ್ಯಾನು ನಿಂತರೆ ವೈರ್‌ಮನ್ನನ್ನು ಕರೆಯುತ್ತಾರೆ. ನಲ್ಲಿ ಸೋರಿದರೆ ನಲ್ಲಿ ರಿಪೇರಿಯವನನ್ನು ಕರೆಯುತ್ತಾರೆ. ಅವರಿಗೆಲ್ಲ ಹೆಸರುಂಟು, ಕಸುಬುಂಟು, ಬಂದರೆ ಒಂದು ಕಪ್ಪು ಚಹಾ ಉಂಟು. ಬಚ್ಚಲು ಕಟ್ಟಿದಾಗ ಮಾತ್ರ "ಯಾರನ್ನರ". ಆ "ಯಾರನ್ನರ" ಯಾವ ಕೇರಿಯಿಂದ ಬರುತ್ತಾನೆಂಬುದು ಊರಿಗೆಲ್ಲ ಗೊತ್ತು. ಬಾಯಿಬಿಟ್ಟು ಹೇಳುವವರಿಲ್ಲ, ಅಷ್ಟೆ. ಅವನು ಹಿತ್ತಲ ಬಾಗಿಲಿನಿಂದ ಬರಬೇಕು. ಬರಿಗೈಯನ್ನು ಮೊಣಕೈವರೆಗೆ ಮೋರಿಯಲ್ಲಿ ಇಳಿಸಬೇಕು. ಎಳೆದು ತೆಗೆದದ್ದನ್ನು ತಾನೇ ಹೊತ್ತು ಹಾಕಬೇಕು. ಕೂಲಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಸರಿಯುವ ಮನೆಗಳೂ ಇನ್ನೂ ಇವೆ. ಮೇಲಿಂದ ಚೌಕಾಶಿ ಬೇರೆ: "ಎರಡ ನಿಮಿಷದ ಕೆಲಸಕ್ಕ ಇಷ್ಟ್ಯಾಕಪಾ?" ಎರಡು ನಿಮಿಷದ ಕೆಲಸವೇ ಆಗಿದ್ದರೆ ಮನೆಯ ಯಜಮಾನರು ಮೂರು ದಿನ ಏಕೆ ನೀರಿನಲ್ಲಿ ನಿಂತಿದ್ದರೋ!

ಅವನ ಕೈಗೆ ಸಿಕ್ಕ ಮಾಲಾದರೂ ಯಾರದು? ಮನೆಯ ಹೆಣ್ಣುಮಕ್ಕಳ ಉದ್ದ ಕೂದಲು, ಗಂಡಸರ ಗಡ್ಡದ ಕೂದಲು, ಸೋಪಿನ ಕೊನೆಯ ಚೂರು, ಉಡದಾರದ ತುಂಡು, ಪಾತ್ರೆ ತಿಕ್ಕಿದ ತೆಂಗಿನ ನಾರು, ಸೀಗೆಪುಡಿಯ ಗಸಿ. ಇದರ ಜೊತೆಗೆ ಇತ್ತೀಚಿನ ವರ್ಷಗಳ ಹೊಸ ನೆಂಟ, ಒಂದು ರೂಪಾಯಿಯ ಶಾಂಪೂ ಪುಡಿಕೆ. ಅಂಗಡಿಯ ಮುಂದೆ ಮಾಲೆಯಂತೆ ನೇತಾಡುವ ಈ ಪುಡಿಕೆಯನ್ನು ಬಚ್ಚಲಲ್ಲಿ ಹಲ್ಲಿನಿಂದ ಹರಿದು, ಹರಿದ ಮೂಲೆಯನ್ನು ಅಲ್ಲಿಯೇ ಉಗುಳುವುದು ರೂಢಿ. ಆ ಮೂಲೆ ಉಗುರಿನಷ್ಟೇ ಇದ್ದರೂ ಪೈಪಿನ ಬಾಗಿನಲ್ಲಿ ಅಡ್ಡ ನಿಂತಿತೆಂದರೆ ಹಿಂದೆ ಬಂದ ಕೂದಲೆಲ್ಲ ಅದಕ್ಕೇ ಸುತ್ತಿಕೊಳ್ಳುತ್ತದೆ. ಹೊರಗಿನವರದೊಂದು ಎಳೆಯೂ ಅದರಲ್ಲಿರುವುದಿಲ್ಲ. ಎಲ್ಲವೂ ಮನೆಯದೇ ಸರಕು. ಮನೆಯವರಿಗೇ ಮುಟ್ಟಲು ಹೇಸಿಗೆ!

ರಾಯಚೂರು ಸೀಮೆಯಲ್ಲಿ ಬಚ್ಚಲು ಬೇಗ ಕಟ್ಟಲು ನೀರೂ ಒಂದು ಕಾರಣ. ಎರಡು ನದಿಗಳ ನಡುವಿನ ನಾಡಾದರೂ ನಲ್ಲಿ ಕೈಕೊಟ್ಟ ದಿನ ಬೋರಿನ ನೀರೇ ಗತಿ. ಬೋರಿನ ನೀರು ಬಹಳ ಕಡೆ ಗಡಸು. ಸೋಪು ತಿಕ್ಕಿದರೆ ನೊರೆ ಬರುವುದಿಲ್ಲ, ಮಜ್ಜಿಗೆಯ ಗಸಿಯಂತೆ ಬಿಳಿಯದೊಂದು ತೇಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಕೂಡಿದರೆ ನೀರಿನಲ್ಲಿ ಕರಗದ ಜಿಗಟು ಆಗುತ್ತದೆ. ತಂಬಿಗೆಯ ಒಳಮೈಗೆ, ಬಕೀಟಿನ ಅಂಚಿಗೆ ಹತ್ತುವುದೂ ಅದೇ. ಕೂದಲು ಕಬ್ಬಿಣದ ಸರಳು ಇದ್ದ ಹಾಗೆ, ಈ ಗಸಿ ಸಿಮೆಂಟು ಇದ್ದ ಹಾಗೆ. ಎರಡೂ ಕೂಡಿದರೆ ಪೈಪಿನೊಳಗೆ ಆರ್‌ಸಿಸಿ ಕೆಲಸ ಮುಗಿದಂತೆಯೇ. ಎಣ್ಣೆ ಸ್ನಾನದ ದಿನ ಕೊಬ್ಬರಿ ಎಣ್ಣೆಯೂ ಇಳಿದರೆ ಗಿಲಾವು ಕೂಡ ಆಯಿತು.

ಇನ್ನು ಔಷಧದ ವಿಚಾರ. ಬಚ್ಚಲು ಕಟ್ಟಿತೆಂದರೆ ಅರ್ಧ ಊರು ಓಡುವುದು ಆ್ಯಸಿಡ್ ತರಲು. ಹಳಬರು ತೇಜಾಬು ಎನ್ನುತ್ತಾರೆ. ಬಾಟಲಿಯ ಬಿರಡೆ ತೆಗೆದು ಗುಳುಗುಳು ಸುರಿಯುತ್ತಾರೆ. ಬುಸ್ಸೆಂದು ನೊರೆ ಏಳುತ್ತದೆ, ಹೊಗೆ ಬರುತ್ತದೆ. "ನೋಡ್ರಿ, ಹೆಂಗ ಕೆಲಸ ಮಾಡಾಕತ್ತದ!" ಎಂದು ಮನೆಮಂದಿಗೆಲ್ಲ ಸಂತೋಷ. ಸ್ವಾಮಿ, ಅದು ಕೂದಲು ಕರಗುವ ನೊರೆಯಲ್ಲ, ನೆಲದ ಕಲ್ಲು ಕರಗುವ ನೊರೆ! ಈ ಭಾಗದ ಬಚ್ಚಲುಗಳಿಗೆ ಹಾಸಿರುವುದು ಬಹುಪಾಲು ಶಹಾಬಾದ್ ಪರಸಿ. ಅದು ಸುಣ್ಣದ ಕಲ್ಲಿನ ಜಾತಿ. ಸುಣ್ಣದ ಕಲ್ಲಿಗೂ ಆ್ಯಸಿಡ್ಡಿಗೂ ಹಾವು ಮುಂಗುಸಿಯ ಸಂಬಂಧ. ಕಲ್ಲು ಸವೆಯುತ್ತದೆ, ಸಂದಿಯ ಸಿಮೆಂಟು ಉದುರುತ್ತದೆ, ನೀರು ಗೋಡೆಯ ಬುಡಕ್ಕೆ ಇಳಿಯುತ್ತದೆ. ಕೂದಲು ಮಾತ್ರ ಅಲ್ಲೇ ಇರುತ್ತದೆ, ಏಕೆಂದರೆ ಅಂಗಡಿಯಲ್ಲಿ ಸಿಗುವ ಈ ಆ್ಯಸಿಡ್ಡಿಗೆ ಕೂದಲು ಜಗ್ಗುವುದಿಲ್ಲ. ಕೂದಲು ಕರಗುವುದು ಅದರ ವಿರುದ್ಧ ಜಾತಿಯ ಕಾಸ್ಟಿಕ್ ಸೋಡಾಕ್ಕೆ. ಪೊಟ್ಟಣದಲ್ಲಿ ಸಿಗುವ ಪೈಪು ಬಿಡಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಅದೇನೂ ಸಾಧು ಪ್ರಾಣಿಯಲ್ಲ. ನೀರು ತಗುಲಿದ ಕೂಡಲೇ ಕುದಿಯುವಷ್ಟು ಕಾವೇರಿ ಮುಖಕ್ಕೆ ಸಿಡಿಯುತ್ತದೆ. ಚರ್ಮಕ್ಕೆ ತಾಗಿದರೆ ಜಾರುಜಾರೆನಿಸಿ, ಆಮೇಲೆ ಸುಡುತ್ತದೆ. ಮೊದಲು ಒಂದು ಹಾಕಿ, ಅದು ನಡೆಯದಿದ್ದರೆ ಇನ್ನೊಂದು ಹಾಕುವವರಂತೂ ಆಯುಷ್ಯ ಗಟ್ಟಿ ಇದ್ದವರೇ ಇರಬೇಕು.

ಇದಕ್ಕಿಂತ ಘಾತದ್ದು ಆ್ಯಸಿಡ್ಡಿನ ಮೇಲೆ ಬ್ಲೀಚಿಂಗ್ ಪುಡಿ ಎರಚುವುದು. ಆಗ ಏಳುವ ಹಸಿರು ಹಳದಿ ಗಾಳಿಯ ಹೆಸರು ಕ್ಲೋರಿನ್. 1915ರಲ್ಲಿ ಮೊದಲನೇ ಮಹಾಯುದ್ಧದಲ್ಲಿ ಬೆಲ್ಜಿಯಮ್ಮಿನ ಈಪ್ರ ಎಂಬಲ್ಲಿ ಸಿಪಾಯಿಗಳನ್ನು ಕೊಲ್ಲಲು ಬಿಟ್ಟದ್ದು ಇದೇ ಗಾಳಿ. ನಾಲ್ಕು ಮೊಳದ ಬಚ್ಚಲಲ್ಲಿ ಕಿಟಕಿ ಮುಚ್ಚಿಕೊಂಡು ಅದನ್ನು ತಯಾರಿಸುವ ಧೈರ್ಯ ಬಹುಶಃ ಯಾವ ಸೇನಾಧಿಪತಿಗೂ ಇರಲಿಕ್ಕಿಲ್ಲ.

ಅಂಗಡಿಕಾರರೂ ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಆ್ಯಸಿಡ್ ದಾಳಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟು 2013ರ ಜುಲೈ ತಿಂಗಳಲ್ಲಿ ಆಜ್ಞೆ ಮಾಡಿದೆ. ಕೊಳ್ಳುವವನ ವಿಳಾಸ ಬರೆದುಕೊಳ್ಳುವ ರಿಜಿಸ್ಟರು ಇಡಬೇಕು. ಫೋಟೋ ಇರುವ ಸರ್ಕಾರಿ ಗುರುತು ಚೀಟಿ ನೋಡಬೇಕು. ಯಾತಕ್ಕೆ ಬೇಕೆಂದು ಕೇಳಬೇಕು. 18 ವರ್ಷ ತುಂಬದವರಿಗೆ ಕೊಡಲೇಬಾರದು. ದಾಸ್ತಾನಿನ ಲೆಕ್ಕ ಅಧಿಕಾರಿಗಳಿಗೆ ಒಪ್ಪಿಸಬೇಕು. ತಪ್ಪಿದರೆ ದಂಡ 50,000 ರೂಪಾಯಿವರೆಗೆ. ಇಷ್ಟೆಲ್ಲ ಇದ್ದೂ ಶರ್ಬತ್ತಿನ ಹಳೇ ಬಾಟಲಿಯಲ್ಲಿ ತೇಜಾಬು ತುಂಬಿ, ಚೀಟಿ ಸಹ ಅಂಟಿಸದೆ, ಚಡ್ಡಿ ಹಾಕಿದ ಹುಡುಗನ ಕೈಯಲ್ಲಿ ಕೊಟ್ಟು ಕಳಿಸುವ ಅಂಗಡಿ ಎಲ್ಲೂ ಇಲ್ಲವೆಂದು ಎದೆ ತಟ್ಟಿ ಹೇಳುವವರು ಯಾರಿದ್ದಾರೆ? ಗಿರಾಕಿ "ಬಚ್ಚಲಕ್ಕ ಬೇಕ್ರಿ" ಎಂದಾಗ ಅದೇ ಅಂಗಡಿಯವರು ಅರ್ಧ ಕಿಲೋ ವಾಷಿಂಗ್ ಸೋಡಾ ಮತ್ತು ರಬ್ಬರಿನ ಪಂಪು ತೋರಿಸಿದರೆ ವ್ಯಾಪಾರಕ್ಕೇನೂ ಲುಕ್ಸಾನಿಲ್ಲ. ಲಾಭ ಅದರಲ್ಲೇ ಒಂದು ಕಾಸು ಹೆಚ್ಚು ಬಂದರೂ ಬಂದೀತು.

ಆ್ಯಸಿಡ್ಡಿನ ಕಥೆಗೆ ಎರಡನೆಯ ಅಂಕವಿದೆ, ಅದನ್ನು ಮನೆಯವರು ನೋಡುವುದಿಲ್ಲ. ರಾತ್ರಿ ಬಾಟಲಿ ಸುರಿದರು, ನೀರು ಹೋಗಲಿಲ್ಲ. ಬೆಳಿಗ್ಗೆ "ಯಾರನ್ನರ" ಬಂದ. ರಾತ್ರಿ ಏನು ಸುರಿದಿದ್ದೆವೆಂದು ಅವನಿಗೆ ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಅವನು ಎಂದಿನಂತೆ ಬರಿಗೈ ಇಳಿಸುತ್ತಾನೆ. ಅಡಚಣೆಯ ಮೇಲೆ ನಿಂತ ಆ್ಯಸಿಡ್ಡೋ ಕಾಸ್ಟಿಕ್ಕೋ ಅವನ ಬೆರಳ ಸಂದಿಗೆ ಹತ್ತುತ್ತದೆ. ಉರಿ ಏಳುವುದು ಅವನು ಮನೆ ಮುಟ್ಟಿದ ಮೇಲೆ. ಸುಟ್ಟ ಬೆರಳುಗಳಿಂದ ಎರಡು ದಿನ ರೊಟ್ಟಿ ಮುರಿಯಲಿಕ್ಕಾಗದೆ ಒದ್ದಾಡುವುದು ಆ ಎರಡು ನಿಮಿಷದ ಕೆಲಸದ ಲೆಕ್ಕದಲ್ಲಿ ಬರುವುದೇ ಇಲ್ಲ.

ಹಾಗಾದರೆ ಮಾಡುವುದೇನು? ಮನೆಯ ಗಂಡಸು ಪಂಚೆ ಮೇಲೆ ಕಟ್ಟಬೇಕು. ಗಂಡಸೇ ಏಕೆಂದರೆ, ಹೆಂಗಸರು ಬಾಯಿ ಬಿಡದೆ ಈ ಕೆಲಸವನ್ನು ಅರ್ಧ ಮಾಡಿಯೇ ಇರುತ್ತಾರೆ. ಕೈಗೆ ರಬ್ಬರಿನ ಚೀಲವೋ, ಅದಿಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವೋ ಸಾಕು. ಮೊದಲು ಜಾಳಿಗೆ ಎತ್ತಬೇಕು. ಹತ್ತರಲ್ಲಿ ಏಳೆಂಟು ಬಚ್ಚಲಗಳ ರೋಗ ಜಾಳಿಗೆಯ ಕೆಳಗೆ ಒಂದು ಗೇಣಿನೊಳಗೇ ಇರುತ್ತದೆ; ಬೆರಳಿಗೆ ಸಿಕ್ಕಷ್ಟು ಎಳೆದರೆ ಇಲಿಯ ಬಾಲದಂತೆ ಉದ್ದಕ್ಕೆ ಬರುತ್ತದೆ. ಬಂದದ್ದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಬೇಕು. ಕಿಟಕಿಯಿಂದ ಪಕ್ಕದ ಮನೆಯವರ ಹಿತ್ತಲಿಗಲ್ಲ.

ಜಾಳಿಗೆಯ ಕೆಳಗೆ ಬಟ್ಟಲಿನಂಥದೊಂದು ಇದ್ದರೆ ಅದೇ ಟ್ರ್ಯಾಪು. ಮೇಸ್ತ್ರಿಗಳ ಬಾಯಲ್ಲಿ ನಹಾನಿ ಟ್ರ್ಯಾಪು. ಅದರಲ್ಲಿ ಸದಾ ನಾಲ್ಕು ಬೆರಳು ನೀರು ನಿಂತಿರುತ್ತದೆ. ಗಟಾರದ ನಾತವೂ ಜಿರಳೆಯೂ ಮೇಲೆ ಬರದಂತೆ ತಡೆಯುವುದು ಆ ನೀರೇ. ನೀರನ್ನೇ ಬಾಗಿಲು ಮಾಡುವ ಈ ಯುಕ್ತಿಗೆ 1775ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದವನು ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರದವನು. ಪಾಯಖಾನೆಗೆಂದು ಅವನು ಪೈಪನ್ನು ಹಾವಿನಂತೆ ಬಾಗಿಸಿದ; ಇಂದು ಅದೇ ತತ್ವ ಬಚ್ಚಲಲ್ಲೂ ಕೂತಿದೆ. ಇಲ್ಲಿಯ ಮನೆಗಳಲ್ಲಿ ನಡೆಯುವುದೇನೆಂದರೆ, ನೀರು ನಿಧಾನ ಹೋಗುತ್ತದೆಂದು ಆ ಬಟ್ಟಲನ್ನೇ ಕಿತ್ತು ಬಿಸಾಡುತ್ತಾರೆ. ಮರುದಿನದಿಂದ ಮನೆಯೆಲ್ಲ ಗಬ್ಬು. ಆಮೇಲೆ ಊದುಬತ್ತಿ! ಬಟ್ಟಲನ್ನು ತೊಳೆದು ಮತ್ತೆ ಇದ್ದಲ್ಲೇ ಕೂರಿಸಬೇಕು.

ಅಡಚಣೆ ಇನ್ನೂ ಒಳಗಿದ್ದರೆ ಸೈಕಲ್ ಅಂಗಡಿಗೆ ಹೋಗಬೇಕು. ಬ್ರೇಕಿನ ಹಳೇ ತಂತಿಯೊಂದನ್ನು ಕೇಳಿದರೆ ಬಹಳ ಸಲ ಅವರು ದುಡ್ಡು ಸಹ ಕೇಳುವುದಿಲ್ಲ. ಹುರಿಗಟ್ಟಿದ ಆ ತಂತಿ ಬಾಗುತ್ತದೆ, ಮುರಿಯುವುದಿಲ್ಲ. ಪೈಪಿನ ತಿರುವು ಅದಕ್ಕೆ ಅಡ್ಡಿಯಲ್ಲ. ತುದಿಯನ್ನು ಕಿರುಬೆರಳ ಉಗುರಿನಷ್ಟು ಕೊಕ್ಕೆ ಮಾಡಿ, ತಿರುವುತ್ತ ತಿರುವುತ್ತ ಇಳಿಸಿ, ತಡೆ ಸಿಕ್ಕಲ್ಲಿ ನಾಲ್ಕು ಸುತ್ತು ಸುತ್ತಿ ಮೆಲ್ಲಗೆ ಹಿಂದಕ್ಕೆ ಎಳೆಯಬೇಕು. ನೂಕುವುದಲ್ಲ, ಎಳೆಯುವುದು, ನೂಕಿದರೆ ರೋಗ ಮುಂದಿನ ತಿರುವಿಗೆ ಹೋಗಿ ಕೂಡುತ್ತದೆ. ರಬ್ಬರಿನ ಪಂಪಿದ್ದರೆ ಅದರ ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ, ಹತ್ತಿರದ ಬೇರೆ ತೂತಿದ್ದರೆ ಒದ್ದೆ ಅರಿವೆಯಿಂದ ಬಿಗಿದು, ಹದಿನೈದಿಪ್ಪತ್ತು ಸಲ ಒತ್ತಿ ಎತ್ತಬೇಕು. ಬರಿ ಗಾಳಿಯಲ್ಲಿ ಪಂಪು ಹೊಡೆದರೆ ಸದ್ದು ಬಿಟ್ಟು ಏನೂ ಬರುವುದಿಲ್ಲ. ಅರಿವೆಯನ್ನು ಆಮೇಲೆ ನೆನಪಿಟ್ಟು ತೆಗೆಯುವುದೂ ಒಂದು ಕೆಲಸವೇ.

ದಾರಿ ಬಿಟ್ಟ ಮೇಲೆ ಒಂದು ಹಿಡಿ ವಾಷಿಂಗ್ ಸೋಡಾ, ಒಂದು ಬಕೀಟು ಬಿಸಿನೀರು. ಜಿಡ್ಡು ಅದರಿಂದ ಇಳಿಯುತ್ತದೆ. ಹಂಡೆಯಿಂದ ತೋಡಿದ ಸ್ನಾನದ ಬಿಸಿ ಸಾಕು. ಮರಳುವ ನೀರು ಸುರಿದರೆ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಕೀಲು ಬಿಡುತ್ತದೆ. ಅಡಿಗೆ ಸೋಡಾಕ್ಕೆ ವಿನೆಗರ್ ಸುರಿದರೆ ಎಲ್ಲ ಕರಗುತ್ತದೆಂದು ಕೆಲವರು ಹೇಳಿಕೊಡುತ್ತಾರೆ. ನೊರೆ ನೋಡಲು ಚೆಂದ. ಹುಳಿಯೂ ಸೋಡಾವೂ ಒಂದನ್ನೊಂದು ಕೊಂದು ಕೊನೆಗೆ ಉಳಿಯುವುದು ಬಹುಪಾಲು ಉಪ್ಪುನೀರು. ಕೂದಲಿಗೆ ಅದರ ಲೆಕ್ಕವಿಲ್ಲ. ಇಷ್ಟೆಲ್ಲ ಮತ್ತೆ ಬೇಡವೆನ್ನುವವರು ಹಳೇ ಸೊಳ್ಳೆ ಪರದೆಯ ಚೂರನ್ನು ಜಾಳಿಗೆಯ ಮೇಲೆ ಹಾಸಿ, ಸ್ನಾನ ಮುಗಿದ ಮೇಲೆ ಕೂದಲನ್ನು ಎತ್ತಿ ಹಾಕಿದರೆ ವರ್ಷಗಟ್ಟಲೆ ನಿಶ್ಚಿಂತೆ.

ಕರ್ನಾಟಕದ ಮನೆಗಳಲ್ಲಿ ದೀಪಾವಳಿಗೆ ನೀರು ತುಂಬುವ ಹಬ್ಬವಿದೆ. ಅಂದು ಬಚ್ಚಲು ತಿಕ್ಕಿ, ಹಂಡೆ ಬೆಳಗಿ, ಸುಣ್ಣ ಬಳಿದು, ಬಳ್ಳಿ ಕಟ್ಟಿ ಪೂಜೆ ಮಾಡುತ್ತಾರೆ. ನೀರು ಬರುವ ಕಡೆಗೆ ಇಷ್ಟು ಭಕ್ತಿ. ನೀರು ಹೋಗುವ ಕಡೆಗೆ ವರ್ಷಕ್ಕೊಂದು ಸಲವೂ ಯಾರೂ ಬಗ್ಗಿ ನೋಡುವುದಿಲ್ಲ!

ಎಲ್ಲ ರೋಗವೂ ಮನೆಯೊಳಗಿನದಲ್ಲ ಎನ್ನುವುದೂ ನಿಜ. ಬಚ್ಚಲೊಂದೇ ನಿಧಾನವಾದರೆ ದೋಷ ಒಳಗಿದೆ. ಅಡಿಗೆಮನೆಯ ನೀರೂ ನಿಂತು, ಪಾಯಖಾನೆಯಲ್ಲಿ ಗುಳುಗುಳು ಸದ್ದು ಬಂದು, ಹಿತ್ತಲಲ್ಲಿ ಸುರಿದ ನೀರು ಬಚ್ಚಲಲ್ಲಿ ಉಕ್ಕಿದರೆ ದೋಷ ಹೊರಗಿನ ಚೇಂಬರಿನಲ್ಲಿ. ಅಲ್ಲಿಗೆ ಮನೆಯ ತಂತಿಯ ಕೆಲಸ ಮುಗಿಯಿತು. ಮುಂದಿನದು ಯಂತ್ರದ ಕೆಲಸ, ಅದಕ್ಕಾಗಿ ಪಾಲಿಕೆಗೆ ಬರೆದುಕೊಡಬೇಕು. ರಾಯಚೂರು ನಗರಸಭೆ ಹೋಗಿ ಮಹಾನಗರ ಪಾಲಿಕೆ ಬಂದಿದೆ. ಬೋರ್ಡು ಹಿಗ್ಗಿದಂತೆ ಚರಂಡಿಯೂ ಹಿಗ್ಗುವುದೇ ಎಂಬುದನ್ನು ಕಾದು ನೋಡಬೇಕು.

ಯಂತ್ರ ಬರುವುದು ತಡವಾದೀತೆಂದು ಚೇಂಬರಿನೊಳಗೆ ಮನುಷ್ಯನನ್ನು ಇಳಿಸುವವರಿದ್ದಾರೆ. ಇದು ಹೇಸಿಗೆಯ ಮಾತಷ್ಟೇ ಅಲ್ಲ, ಪ್ರಾಣದ ಮಾತು. ಕೊಳೆತ ರೊಚ್ಚಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ಕೂತಿರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುವುದರಿಂದ ನಾತವೂ ತಿಳಿಯುವುದಿಲ್ಲ. ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. 2013ರ ಹೊಸ ಕಾನೂನು ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನೇ ಅಪರಾಧ ಮಾಡಿತು. ಮೊದಲ ಸಲಕ್ಕೇ ಎರಡು ವರ್ಷದ ತನಕ ಜೈಲು, ಇಲ್ಲವೆ ಎರಡು ಲಕ್ಷ ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಈ ಕಾನೂನು ಪಾಲಿಕೆ ಪುರಸಭೆಗಳಿಗೆ ಮಾತ್ರವೆಂದು ಮನೆಯವರು ತಿಳಿದಿದ್ದರೆ ಅದು ತಪ್ಪು. ಇಳಿಸುವವನು ಯಾರೇ ಆಗಿರಲಿ, ಮನೆಯ ಯಜಮಾನನೇ ಆಗಿರಲಿ, ಕಾನೂನು ಒಂದೇ. ಸತ್ತವನ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ.

ದೇವದುರ್ಗ, ಮಾನ್ವಿಗಳಲ್ಲಿ ಸಮಸ್ಯೆಯ ಬಣ್ಣ ಸ್ವಲ್ಪ ಬೇರೆ. ಹಳೇ ಓಣಿಗಳಲ್ಲಿ ಬಚ್ಚಲ ತೂತು ನೇರವಾಗಿ ಬೀದಿಯ ತೆರೆದ ಗಟಾರಕ್ಕೆ ಬಾಯಿ ಬಿಟ್ಟಿರುತ್ತದೆ. ಟ್ರ್ಯಾಪಿಲ್ಲ, ಚೇಂಬರಿಲ್ಲ. ಒಂದು ಮನೆಯವರು ಕಟ್ಟೆ ಮುಂದಕ್ಕೆ ಚಾಚಿ ಗಟಾರದ ಮೇಲೆ ಬಂಡೆ ಎಳೆದರೆ, ಹಿಂದಿನ ನಾಲ್ಕು ಮನೆಗಳ ಬಚ್ಚಲು ನಿಲ್ಲುತ್ತದೆ. ಜಗಳ ಶುರುವಾಗುವುದು ನೀರಿನಿಂದ, ಮುಗಿಯುವುದು ಹಿರಿಯರ ಹೆಸರೆತ್ತುವಲ್ಲಿ. ಬಚ್ಚಲ ಬಾಯಿ ಎಂಬ ಮಾತು ಹುಟ್ಟಿದ್ದೇ ಇಂಥ ಬೆಳಗಿನಲ್ಲಿ ಇರಬೇಕು. ಬಂಡೆ ಎಳೆದವನು ಮಾತ್ರ ಪುರಸಭೆಯನ್ನು ಬಯ್ಯುವುದರಲ್ಲಿ ಎಲ್ಲರಿಗಿಂತ ಮುಂದು. ಎತ್ತಲು ಬರುವಂಥ ಸಣ್ಣ ಹಾಸುಗಲ್ಲು ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ.

ನಿಂತ ಹೊಲಸು ನೀರಿಗೂ ಕಾಯಿಲೆಗೂ ಇರುವ ನಂಟು ಈ ಜಿಲ್ಲೆಗೆ ಹೊಸದಲ್ಲ. ಡೆಂಗೀ ಸೊಳ್ಳೆ ಹೆಚ್ಚಾಗಿ ಬ್ಯಾರಲ್ಲಿನ ತಿಳಿನೀರಿನಲ್ಲಿ ಹುಟ್ಟಿದರೆ, ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಗಟಾರದ ಕೊಳೆನೀರೇ ತೊಟ್ಟಿಲು. ರಾಜ್ಯದಲ್ಲಿ ಆ ರೋಗ ಬೇರೂರಿದ ಜಿಲ್ಲೆಗಳ ಸಾಲಿನಲ್ಲಿ ರಾಯಚೂರೂ ಉಂಟು. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಊರೆಲ್ಲ ಬರುವ ನೀರಿನ ಮಾತಾಡಿತು. ಹೋಗುವ ನೀರಿನ ಮಾತು ಅಷ್ಟಾಗಿ ಕೇಳಲಿಲ್ಲ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ, ನಲ್ಲಿ ಪೈಪು ಖಾಲಿಯಾದಾಗ ಅದರ ಬಿರುಕಿನಿಂದ ಪಕ್ಕದ ಗಟಾರದ ನೀರು ಒಳಗೆ ಸೇರಬಹುದು. ಕಟ್ಟಿದ ಗಟಾರವೂ ಕುಡಿಯುವ ಕೊಡವೂ ಜನ ತಿಳಿದಷ್ಟು ದೂರವಿಲ್ಲ.

ಇಷ್ಟಾದ ಮೇಲೂ ಕೆಲವರಿಗೆ ಆಗದು. ಮುದುಕರಿದ್ದಾರೆ, ಬೆನ್ನು ನೋವಿನವರಿದ್ದಾರೆ, ಪೈಪು ಕೆಲವು ಸಲ ನಿಜಕ್ಕೂ ಒಡೆದೇ ಇರುತ್ತದೆ. ಆಗ ಕರೆಯಲೇಬೇಕು. ಕರೆಯುವಾಗ ಪ್ಲಂಬರನ್ನು ಕರೆಯಬೇಕು, ಮುಂಬಾಗಿಲಿನಿಂದ ಕರೆಯಬೇಕು. ಕೂಲಿ ಮೊದಲೇ ಮಾತಾಡಿ ಕೈಗೆ ಕೊಡಬೇಕು, ಕೈ ತೊಳೆಯಲು ಸೋಪು ನೀರು ಕೊಡಬೇಕು. ರಾತ್ರಿ ಏನಾದರೂ ಸುರಿದಿದ್ದರೆ, ಅವನು ಜಾಳಿಗೆ ಮುಟ್ಟುವ ಮುಂಚೆಯೇ, "ನೋಡಪಾ, ಇದರಾಗ ತೇಜಾಬು ಬಿದ್ದದ" ಎಂದು ಹೇಳಿ ಬಾಟಲಿ ತೋರಿಸಬೇಕು.